ನನ್ನ ಪಾಲಿನ ಬಾಟಲಿ

ಪ್ರೇಮನಾಥ,

ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ನನ್ನ ಹೆಂಡತಿ ಹೇಳುತ್ತಾಳೆ.

ನಿನ್ನೆ ಒಬ್ಬನೇ, ರಜೆಯಲ್ಲಿ ನಾವಿಬ್ಬರೂ ಹತ್ತಲು ಹೋಗುತ್ತಿದ್ದ ಹಜರ್ ಬೆಟ್ಟದ ಆ ಕಣಿವೆಗೆ ಹೋದೆ. ಬಂಡೆಯ ಕಮಾನಿಗೆ ಇನ್ನೂ ಅರ್ಧ ದಾರಿ ಇರುವಲ್ಲಿ, ಹಿಂದಿರುಗುವಾಗ ಕುಡಿಯಲೆಂದು ನಾವು ಯಾವಾಗಲೂ ನೀರು ಬಚ್ಚಿಡುತ್ತಿದ್ದ ಚಪ್ಪಟೆ ಕಲ್ಲನ್ನು ಎತ್ತಿದೆ. ನಿನ್ನ ಬಾಟಲಿ ಇರಲಿಲ್ಲ. ನನ್ನದಿತ್ತು. ಸೀಲು ಒಡೆದಿರಲಿಲ್ಲ, ಮೇಲೆ ನಿನ್ನ ವಕ್ರ ಅಕ್ಷರದಲ್ಲಿ ನನ್ನ ಹೆಸರು.

ಆ ಶುಕ್ರವಾರ ಬೆಳಿಗ್ಗೆ ಫೋನಿನಲ್ಲಿ ನಾನು, "ನೀನು ಹೋಗ್ತಾ ಇರು ಮಾರಾಯ, ನಾನು ಹಿಂದಿನಿಂದ ಬರ್ತೇನೆ" ಎಂದಿದ್ದೆ.

"ಅಲ್ ಹೈಲ್‌ನ ಮನೆಯ ಎ.ಸಿ. ಬಿಟ್ಟು ಬರ್ಲಿಕ್ಕೆ ನಿಂಗೆ ಮನಸ್ಸುಂಟಾ?" ಎಂದು ನೀನು ನಕ್ಕಿದ್ದೆ. "ಬಾರದಿದ್ರೆ ನಿನ್ನ ನೀರೂ ನಾನೇ ಕುಡೀತೇನೆ. ಖಲಾಸ್."

ಪೊಲೀಸರಿಗೆ ನೀನು ಸಿಕ್ಕಿದ್ದು ಆ ಕಲ್ಲಿನಿಂದ ಒಂದು ಕಿಲೋಮೀಟರ್ ಕೆಳಗೆ, ಇಳಿದು ಬರುವ ದಾರಿಯಲ್ಲಿ, ನಿನ್ನ ಖಾಲಿ ಬಾಟಲಿಯೊಂದಿಗೆ. ಬಿಸಿಲಿನ ಹೊಡೆತಕ್ಕೆ ಜೀವ ಹೋಗಿದೆ ಎಂದರು. ರೂವಿಯ ಆಫೀಸಿನಲ್ಲಿ ಹದಿನೆಂಟು ವರ್ಷ ನನ್ನ ಟಿಫಿನ್ನಿನಿಂದ ಕೇಳದೆ ಮೀನು ಎತ್ತಿ ತಿಂದವನು ನೀನು. ಒಂದು ಬಾಟಲಿ ನೀರಿನ ವಿಷಯದಲ್ಲಿ ಇಷ್ಟು ಮರ್ಯಾದೆ ಯಾರು ಕಲಿಸಿದರು ನಿನಗೆ? ನನ್ನ ಮಾತನ್ನು ಅಷ್ಟು ನಂಬಲು ನಿನಗೇನು ಹುಚ್ಚೇ?

ಕಮಾನಿನವರೆಗೆ ನಾನು ಹೋಗಲಿಲ್ಲ. ಬಾಟಲಿಯನ್ನು ತಂದು ಊಟದ ಮೇಜಿನ ಮೇಲೆ ಇಟ್ಟಿದ್ದೇನೆ. ಆ ಶುಕ್ರವಾರ ಮಧ್ಯಾಹ್ನ ಇದೇ ಮೇಜಿಗೆ ಕೂತು ಎರಡು ಸಲ ಅನ್ನ ಬಡಿಸಿಕೊಂಡಿದ್ದೆ.