ನಿನ್ನ ತೂಕದ ಗೆರೆ

ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ನನ್ನ ಪುಟ್ಟಿಗೆ,

ನಿನಗಿನ್ನೂ ಹೆಸರಿಟ್ಟಿಲ್ಲ, ಸದ್ಯಕ್ಕೆ ಪುಟ್ಟಿ. ಅಕ್ಷರ ಕಲಿತ ಮೇಲೆ ನೀನೇ ಓದಿಕೊಳ್ಳಲಿ ಅಂತ ಈ ಕಾಗದ. ನೀನು ಇಷ್ಟು ಬೇಗ ಯಾಕೆ ಹುಟ್ಟಿದೆ ಎನ್ನುವುದನ್ನು ಬೇರೆಯವರ ಬಾಯಿಂದ ಕೇಳುವುದು ಬೇಡ.

ಸಿಮೆಂಟು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅಂಕಿಗಳನ್ನು ಗಣಿತದ ಸಾಫ್ಟ್‌ವೇರಿಗೆ ತುಂಬಿ ಗ್ರಾಫ್ ಮಾಡುವುದು ನಿನ್ನಪ್ಪನ ಕೆಲಸ. ನೀನು ಹೊಟ್ಟೆಯಲ್ಲಿದ್ದಾಗ ಪ್ರತಿ ಸ್ಕ್ಯಾನಿನ ನಂತರ ನಿನ್ನ ಅಂದಾಜು ತೂಕವನ್ನೂ ಅದರಲ್ಲೇ ಗುರುತು ಹಾಕುತ್ತಿದ್ದೆ. ಕೆಳಗೆ ವಾರಗಳು, ಎಡಕ್ಕೆ ಸೊನ್ನೆಯಿಂದ ಶುರುವಾಗುವ ತೂಕ, ಹಿಂದೆ ಸಾಮಾನ್ಯವಾಗಿ ಮಕ್ಕಳು ಬೆಳೆಯುವ ದಾರಿ ತೋರಿಸುವ ಬೂದು ಪಟ್ಟಿ. ನಿನ್ನ ಗೆರೆ ಆ ಪಟ್ಟಿಯ ಕೆಳಗೆ ತೆವಳುತ್ತಿತ್ತು.

ಆಸ್ಪತ್ರೆ ಸೇರಿದ್ದ ನಿನ್ನಮ್ಮ ಕೇಳಿದಳೆಂದು ಆ ಗ್ರಾಫನ್ನು ಅವಳ ಫೋನಿಗೆ ಕಳಿಸಿದೆ. ಅಜ್ಜಿ ಪ್ರಿಂಟ್ ಹಾಕಿಸಿ ಮಂಚದ ಪಕ್ಕದ ಗೋಡೆಗೆ ಅಂಟಿಸಿದರು.

ಮರುದಿನ ಡಾಕ್ಟರು ಬಂದು, ಮಗುವಿಗೆ ಒಳಗೆ ರಕ್ತ ಸಾಲುತ್ತಿಲ್ಲ, ಈಗಲೇ ಹೊರಗೆ ತೆಗೆಯಬೇಕು ಅಂದರು. ನಿನ್ನಮ್ಮ ಗೋಡೆಯತ್ತ ಕೈ ತೋರಿಸಿದಳು. "ನೋಡಿ, ಹೇಗೆ ಏರ್ತಿದೆ ನನ್ನ ಮಗು. ಇನ್ನೊಂದಿಷ್ಟು ದಿನ ಒಳಗೇ ಇರ್ಲಿ. ಇವರೇ ಮಾಡಿದ ಗ್ರಾಫ್ ಇದು, ಇವರ ಲೆಕ್ಕ ತಪ್ಪಲ್ಲ."

ತಿರುಗಿ ನೋಡಿದೆ. ಹಾಳೆಯ ಮೇಲೆ ನಿನ್ನ ಗೆರೆ ಈ ಮೂಲೆಯಿಂದ ಆ ಮೂಲೆಗೆ ಜಿಗಿದಿತ್ತು. ಗ್ರಾಫನ್ನು ಚಿತ್ರವಾಗಿ ಉಳಿಸುವಾಗ ಸಾಫ್ಟ್‌ವೇರು ನಾನಿಟ್ಟಿದ್ದ ಅಳತೆಯನ್ನು ಬದಿಗೊತ್ತಿ, ನಿನ್ನ ಗೆರೆಗಷ್ಟೇ ಹೊಂದುವ ಅಳತೆಯನ್ನು ತಾನೇ ಹಾಕಿಕೊಂಡಿತ್ತು. ಸೊನ್ನೆ ಮಾಯವಾಗಿತ್ತು, ಬೂದು ಪಟ್ಟಿ ಹಾಳೆಯಾಚೆ ಬಿದ್ದುಹೋಗಿತ್ತು. ಎಡಗಡೆಯ ಅಂಕಿಗಳೇನೋ ಸರಿಯಿದ್ದವು. ಆದರೆ ಆಸೆ ಹೊತ್ತ ತಾಯಿ ಅಂಕಿ ಓದುತ್ತಾಳೆಯೇ? ಲ್ಯಾಬಿನಲ್ಲಿ ಇದೇ ತಪ್ಪಿಗೆ ಎಷ್ಟು ಜನರ ಕಿವಿ ಹಿಂಡಿದ್ದೇನೋ, ಕಳಿಸುವ ಮುಂಚೆ ನಾನೇ ತೆರೆದು ನೋಡಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಹಾಳೆಯ ಗಾತ್ರವನ್ನು ಮೊದಲೇ ಹೇಳಿ, ಅಕ್ಷದ ಎರಡೂ ತುದಿಗಳನ್ನೂ ನಡುವಿನ ಗುರುತುಗಳನ್ನೂ ಕೈಯಾರೆ ಬರೆದು, ಅಲುಗಾಡದಂತೆ ಬೀಗ ಹಾಕಿದೆ. ಹೊರಬಂದ ಚಿತ್ರವನ್ನು ಪರದೆಯ ಗ್ರಾಫಿನ ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಅವಳ ಆಸೆಯನ್ನು ನಾನೇ ಕೆಳಗಿಳಿಸಬೇಕಿತ್ತು.

ಪ್ರಿಂಟ್ ಹಾಕಿಸಿ ತಂದ ಹೊಸ ಹಾಳೆಯನ್ನು ಅವಳ ಕೈಗಿಟ್ಟೆ. ಬೂದು ಪಟ್ಟಿಯ ಮೇಲೆ ಬೆರಳಾಡಿಸಿ, "ಇವೆಲ್ಲ ಬೇರೆಯವರ ಮಕ್ಕಳಾ?" ಅಂದಳು. ಹೂಂ ಅಂದೆ. ಬೆರಳು ನಿನ್ನ ಗೆರೆಗೆ ಇಳಿದು ಅಲ್ಲೇ ನಿಂತಿತು. ಆಮೇಲೆ, "ಡಾಕ್ಟರನ್ನ ಕರೀರಿ," ಅಂದಳು. ಆ ಸಂಜೆ ನೀನು ಬಂದೆ. ಅಳುವಷ್ಟು ಶಕ್ತಿಯೂ ನಿನಗಿರಲಿಲ್ಲ, ನಾವಿಬ್ಬರೇ ಅತ್ತೆವು.

ಈಗ ನರ್ಸಮ್ಮ ದಿನಾ ಬೆಳಿಗ್ಗೆ ತೂಕ ಹೇಳುತ್ತಾರೆ, ನಾನು ಗುರುತು ಹಾಕುತ್ತೇನೆ. ಇವತ್ತೂ ನೀನು ಪಟ್ಟಿಯ ಕೆಳಗೇ ಇದ್ದೀಯ. "ಆ ಪಟ್ಟೀನ ಒಂಚೂರು ಇಳಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಅಂತ ಅಜ್ಜಿ ಅಳಿಯನನ್ನು ಛೇಡಿಸುತ್ತಾರೆ. ಇಳಿಸಿಲ್ಲ. ನೀನು ಉಳಿಯುತ್ತೀಯ ಎಂದು ಯಾರೂ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಅಕ್ಷದ ಮೇಲಿನ ತುದಿಯನ್ನು ಮಾತ್ರ ಶಾಲೆಗೆ ಹೋಗುವ ಹುಡುಗಿಯ ತೂಕದವರೆಗೆ ಎತ್ತರಿಸಿ ಬೀಗ ಹಾಕಿದ್ದೇನೆ. ಹಾಳೆಯೆಲ್ಲ ಖಾಲಿ, ಕೆಳಮೂಲೆಯಲ್ಲಿ ಇರುವೆಯಷ್ಟು ನಿನ್ನ ಗೆರೆ. ನಿನ್ನಮ್ಮ ಅದನ್ನೇ ಗೋಡೆಗೆ ಅಂಟಿಸಿಕೊಂಡಿದ್ದಾಳೆ.

ಆ ಖಾಲಿ ಜಾಗವೆಲ್ಲ ನಿನಗೆಂದೇ ಬಿಟ್ಟದ್ದು ಕಂದಾ. ಅವಸರವಿಲ್ಲ, ನಿಧಾನವಾಗಿ ತುಂಬು. ನೂರು ಕಾಲ ಬಾಳು.

ಗಾಜಿಗೆ ಮೂಗು ಒತ್ತಿ ನಿಂತಿರುವ,
ನಿನ್ನಪ್ಪ