ಪುಸ್ತಕದೊಳಗಿನ ಕೆಂಪು ಎಳೆ

ಏನ್ರೀ,

ಅನ್ನ ಮುಚ್ಚಿಟ್ಟಿದ್ದೇನೆ, ಸಾರು ನೀವೇ ಬಿಸಿ ಮಾಡಿಕೊಳ್ಳಿ.

ಅಂಚಿನಲ್ಲಿ ಒಂದು ಎಳೆ ಇಲ್ಲವೆಂದು ಸೀರೆ ಅಂಗಡಿ ಮಾಲೀಕರು ನಾನು ನೇಯ್ದ ಸೀರೆಯನ್ನು ವಾಪಸು ಮಾಡಿದಾಗ, ಅವರ ಎದುರಿಗೇ "ಇವ್ಳಿಗೆ ಕಣ್ಣು ಕಾಣೋದಿಲ್ಲ" ಅಂದಿರಿ. ಇವತ್ತು ಮೇಜು ಒರೆಸುವಾಗ ಆ ಕೆಂಪು ಎಳೆ ಸಿಕ್ಕಿತು. ಚರ್ಚಿನ ಗಂಡಸರ ಕೂಟದಲ್ಲಿ ಓದುವ ಭಕ್ತಿ ಪುಸ್ತಕದಲ್ಲಿ ಅದನ್ನು ಪುಟದ ಗುರುತಾಗಿ ಇಟ್ಟುಕೊಂಡಿದ್ದೀರಿ. ಬುಟ್ಟಿ ತುಂಬ ತುಂಡು ನೂಲಿದ್ದರೂ ಮಗ್ಗದಿಂದಲೇ ಕೀಳಬೇಕಿತ್ತಾ?

ಅದು ಇರುವುದು ತಪ್ಪೊಪ್ಪಿಗೆಯ ಅಧ್ಯಾಯದಲ್ಲಿ. ಭಾನುವಾರ ಹತ್ತು ಜನರ ಮುಂದೆ ಅದನ್ನು ಓದಿ ಕಣ್ಣೀರು ಹಾಕಿದಿರಂತೆ.

ಎಳೆ ಅಲ್ಲೇ ಬಿಟ್ಟಿದ್ದೇನೆ. ನಾನು ಸೋಮನೂರಿಗೆ, ಅಮ್ಮನ ಮನೆಗೆ ಹೊರಟೆ. ಪುಸ್ತಕವನ್ನು ಆ ಮಾಲೀಕರ ಅಂಗಡಿಗೆ ತೆಗೆದುಕೊಂಡು ಹೋಗಿ, ಅವರ ಮುಂದೆ ಆ ಪುಟ ತೆರೆದು ಅಳಿ. ಆಮೇಲೆ ನನ್ನನ್ನು ಕರೆಯಲು ಬನ್ನಿ.

ಕಾಮಾಕ್ಷಿ