ಹೂಕುಂಡದ ಪಕ್ಕದಲ್ಲಿ ಗಂಡ

ಮಾರ್ಚ್ 3, ಬೆಳಿಗ್ಗೆ

ಅತ್ತೆಯ ಶಾಲಿನ ಜರಿ ಇವತ್ತಿಗೆ ಮುಗಿಯಿತು. ಹನ್ನೊಂದು ದಿನ. ಮೂರೇ ಕೂದಲಿನ ಕುಂಚ. ಉಸಿರು ಬಿಗಿಹಿಡಿದು ಒಂದೊಂದು ಗೆರೆ. ಚಿತ್ರ ಅಂಗೈಯಗಲ. ಹೆಸರು ‘ನಮ್ಮ ಮನೆ’. ಹಳೆಯ ಅರಮನೆ ಚಿತ್ರಗಳ ಶೈಲಿ — ಸಿಂಹಾಸನದ ಜಾಗದಲ್ಲಿ ಸೋಫಾ, ಅತ್ತೆಯ ಕೈಯಲ್ಲಿ ರಿಮೋಟ್. ಹತ್ತನೇ ತಾರೀಕು ನಾಲ್ಕಕ್ಕೆ ಗ್ಯಾಲರಿಯ ವ್ಯಾನ್. ನಲವತ್ತಾರನೇ ವಯಸ್ಸಿಗೆ ನನ್ನ ಮೊದಲ ಪ್ರದರ್ಶನ! ಮನೆಯಲ್ಲಿ ಯಾರಿಗೂ ತೋರಿಸಿಲ್ಲ.

ಮಾರ್ಚ್ 4

ಇವರು ನೋಡಿಬಿಟ್ಟರು. ಭೂತಕನ್ನಡಿ ಹಿಡಿದು, ತಮ್ಮನ್ನೇ ಹುಡುಕುತ್ತ…

“ಹೂಕುಂಡದ ಪಕ್ಕ ಇರೋದು ಯಾರು?”

“ನೀವೇ.”

“ನಾನಾ? ಹೂಕುಂಡಾನೇ ನನಗಿಂತ ಎತ್ತರ ಇದೆಯಲ್ಲೇ!”

“ಈ ಶೈಲೀನೇ ಹಾಗೆ ರೀ. ಯಾರ ಮಾತು ನಡೆಯುತ್ತೋ ಅವರು ದೊಡ್ಡವರು.”

ಮುಖ ಊದಿಸಿಕೊಂಡು ಹೋದರು.

ಮಾರ್ಚ್ 7

ಮೂರು ದಿನದಿಂದ ಮಾತಿಲ್ಲ. ಇವತ್ತು ಇದ್ದಕ್ಕಿದ್ದಂತೆ ಹಾಲ್ ನಡುವೆ ನಿಂತು ಆಜ್ಞೆ: “ಇನ್ಮೇಲೆ ಈ ಮನೇಲಿ ಟೀವಿ ಎಂಟಕ್ಕೆ ಬಂದ್!”

ಒಳಗಿನಿಂದ ಅತ್ತೆ: “ಯಾರೋ ಅದು ಹೇಳಿದ್ದು?”

“ಯಾರೂ ಇಲ್ಲಮ್ಮ.”

ಪಾಪ ಅನ್ನಿಸಿತು. ಚಿತ್ರದಲ್ಲಿ ಇವರ ಚಪ್ಪಲಿಗೆ ಕೂದಲೆಳೆಯಷ್ಟು ಹಿಮ್ಮಡಿ ಏರಿಸಿದೆ.

ಮಾರ್ಚ್ 10, ಮಧ್ಯಾಹ್ನ ಒಂದೂವರೆ

ಗುಟ್ಟು ರಟ್ಟು. ಇವರೇ ಬಾಯಿಬಿಟ್ಟರು. “ತಗೊಂಡು ಬಾ, ನೋಡ್ತೀನಿ” ಅಂದರು ಅತ್ತೆ. ಅವರು ಬೇಡ ಅಂದರೆ ಚಿತ್ರ ಹೊಸಿಲು ದಾಟುವುದಿಲ್ಲ.

ಐದು ನಿಮಿಷ ನೋಡಿದರು.

“ಗದ್ದ ಒಂದು ಜಾಸ್ತಿ ಬರ್ದಿದ್ದೀಯ.”

“ಇರೋದೇ ಎರಡಲ್ವಾ ಅಮ್ಮ” ಅಂದರು ಇವರು. ಅತ್ತೆ ಒಂದು ನೋಟ ನೋಡಿದರು. ಇವರ ಬಾಯಿ ಬಂದ್.

“ಅದಿರ್ಲಿ. ನೀನೆಲ್ಲಿದ್ದೀಯೇ?”

ಹುಡುಕಿದೆ. ನಾಯಿ ಇದೆ, ಫ್ಯಾನ್ ಇದೆ, ಫ್ಯಾನಿನ ಧೂಳೂ ಇದೆ. ನಾನಿಲ್ಲ. ನಾಲ್ಕು ತಿಂಗಳು ಕೂತು ಬರೆದವಳಿಗೆ ಹೊಳೆದೇ ಇಲ್ಲ!

“ಜಾಗ ಇಲ್ಲ ಅತ್ತೆ.”

“ನನ್ನ ಶಾಲು ಅಷ್ಟು ಉದ್ದ ಯಾಕೆ? ಒರೆಸು.”

ಹನ್ನೊಂದು ದಿನದ ಜರಿ… ಒದ್ದೆ ಕುಂಚ ಮುಟ್ಟಿಸುವಾಗ ಕಣ್ಣಲ್ಲಿ ನೀರು. ಚಿತ್ರಕ್ಕೆ ಬೀಳದಂತೆ ಇವರು ಕರ್ಚೀಫ್ ಹಿಡಿದರು.

ಮೂರೂಮುಕ್ಕಾಲು

ನನ್ನನ್ನು ಎಷ್ಟು ದೊಡ್ಡದಾಗಿ ಬರೆಯಬೇಕೆಂದು ಚರ್ಚೆ. “ನನ್ನ ಭುಜದವರೆಗೆ ಬರ್ಲಿ” ಅಂದರು ಅತ್ತೆ.

“ಇಲ್ಲಮ್ಮ. ನಿನ್ನ ಸಮಕ್ಕೇ ಬರ್ಬೇಕು” — ಇವರು! ಮತ್ತದೇ ನೋಟ. ಈ ಸಲ ಇವರು ಬಗ್ಗಲಿಲ್ಲ.

ಅತ್ತೆ ರಿಮೋಟ್ ಕೆಳಗಿಟ್ಟು, “ಆಯ್ತು, ಬರ್ಕೊ” ಅಂದರು.

ಸೋಫಾದ ಮೇಲೆ, ಅತ್ತೆಯ ಪಕ್ಕ. ಸೀರೆ ಆಯಿತು. ಮುಖದ ಬಣ್ಣ ಒಣಗುವಷ್ಟರಲ್ಲಿ ಇದನ್ನು ಗೀಚುತ್ತಿದ್ದೇನೆ. ಈ ಶೈಲಿಯಲ್ಲಿ ಮುಖ ಪಕ್ಕಕ್ಕೆ ತಿರುಗಿರುತ್ತದೆ. ಪುಣ್ಯಕ್ಕೆ ಒಂದೇ ಕಣ್ಣು ಸಾಕು.

ಕೆಳಗೆ ಹಾರ್ನ್. ಇವರ ದನಿ, ಬೀದಿಗೆಲ್ಲ ಕೇಳುವಂತೆ: “ಸ್ವಲ್ಪ ನಿಲ್ಲಪ್ಪಾ! ನನ್ನ ಹೆಂಡತಿ ಇನ್ನೂ ಪೂರ್ತಿ ಆಗಿಲ್ಲ!”

ಒಣಗಿತು. ಇನ್ನು ಕಣ್ಣು—